ಕಾರಣದ ಸಾಲು

ಸರ್ ಅವರ ಕನ್ನಡಕದ ಬಲಗಡೆಯ ಕಡ್ಡಿ ಮುರಿದಿತ್ತು. ಆ ಜಾಗದಲ್ಲಿ ಮಗ್ಗದ ನೂಲಿನ ಕುಣಿಕೆ ಮಾಡಿ ಕಿವಿಗೆ ಸಿಕ್ಕಿಸಿಕೊಂಡಿದ್ದರು. ಹೊಸದು ಕೊಳ್ಳಿರಿ ಎಂದರೆ, ಕಾಣಾಕತ್ತೈತಲ್ಲ ಎನ್ನುತ್ತಿದ್ದರು. ಇಚಲಕರಂಜಿಯಲ್ಲಿ ಪವರ್‌ಲೂಮ್‌ಗಳಿಗೆ ಸಾಫ್ಟ್‌ವೇರ್ ಬರೆಯುವ ನಮ್ಮ ಪುಟ್ಟ ಆಫೀಸಿಗೆ ಅವರೇ ಹಿರಿಯರು.

ತಮ್ಮ ವಿಷಯದಲ್ಲಿ ಇಷ್ಟು ಸಡಿಲ. ನಮ್ಮ ಜೀವ ಮಾತ್ರ ತಿಂದರು. ಕೋಡಿನಲ್ಲಿ ಏನು ಬದಲಿಸಿದರೂ ಅದರ ಜೊತೆ ಕಳಿಸುವ ಟಿಪ್ಪಣಿಯಲ್ಲಿ, ಅಂದರೆ ಕಮಿಟ್ ಮೆಸೇಜಿನಲ್ಲಿ, ‘ಕಾರಣ’ ಎಂದು ಒಂದು ಸಾಲು ಬರೆಯಲೇಬೇಕು. ಇಲ್ಲದಿದ್ದರೆ ಅವರು ಕೋಡು ಸಾಗುವ ಪೈಪ್‌ಲೈನಿನಲ್ಲಿ ಕೂರಿಸಿದ್ದ ತಪಾಸಣೆ ತಾನಾಗಿಯೇ ಕೆಂಪು ಗುರುತು ಹಾಕಿ ವಾಪಸು ತಳ್ಳುತ್ತಿತ್ತು. ಕೋಡು ಮಗ್ಗದವರೆಗೆ ಹೋಗುತ್ತಲೇ ಇರಲಿಲ್ಲ. ನಾನು ನೇಸರಿಯ ಕುರಿ ಸಾಕುವ ಮನೆಯವಳು. ಗಡಹಿಂಗ್ಲಜಕ್ಕೆ ದಿನಾ ಎಸ್ಟಿ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿಬಂದು ಡಿಗ್ರಿ ಮುಗಿಸಿದೆ. ನಮ್ಮ ಮನೆತನದಲ್ಲಿ ಅದೇ ಮೊದಲನೆಯದು. ಅಂಥವಳ ಬರಹವನ್ನು ಯಂತ್ರವೊಂದು ತಿರಸ್ಕರಿಸಿದರೆ ಸಿಟ್ಟು ಬಾರದೆ ಇರುತ್ತದೆಯೇ? ನಾವೆಲ್ಲ ‘ಗಿರಾಕಿ ಹೇಳಿದರು’ ಎಂಬ ಒಂದೇ ಸಾಲನ್ನು ಅಂಟಿಸತೊಡಗಿದೆವು. ಮರುದಿನವೇ ಸರ್ ಆ ಸಾಲನ್ನೂ ತಿರಸ್ಕರಿಸಲು ತಪಾಸಣೆಗೆ ಕಲಿಸಿಟ್ಟರು.

ಒಮ್ಮೆ ಯಡ್ರಾವದ ಮಗ್ಗಗಳ ಮಾಲೀಕರೊಬ್ಬರು ಫೋನಿನಲ್ಲಿ ಮರಾಠಿಯಲ್ಲಿ ಕೂಗಾಡಿದರು. ಎಳೆ ಹರಿಯದಿದ್ದರೂ ಮಗ್ಗಗಳು ನಿಲ್ಲುತ್ತಿವೆ, ಸಂಜೆಯೊಳಗೆ ಸರಿಯಾಗದಿದ್ದರೆ ನಿಮ್ಮ ಸಾಫ್ಟ್‌ವೇರ್ ಕಿತ್ತೊಗೆಯುತ್ತೇನೆ ಎಂದರು. ಆ ಕೋಡು ನನ್ನದು. ನಾನಿನ್ನೂ ಕಾಯಂ ಆಗಿರಲಿಲ್ಲ. ಎಳೆ ಹರಿದಾಗ ಮಗ್ಗ ನಿಲ್ಲಿಸುವ ಮಿತಿಯನ್ನೇ ಸಡಿಲಿಸಿ, ಕಾರಣ ಬರೆಯದೆ ಕಳಿಸಿದೆ. ಕೆಂಪು.

“ಸರ್, ಇವತ್ತೊಂದ ದಿನ ಆ ಚೆಕ್ ಬಂದ್ ಮಾಡ್ರಿ. ಗಿರಾಕಿ ಹೊಂಟಾನ.”

“ಹೋದ್ರ ಹೋಗ್ಲಿ. ನೀ ಕಾರಣ ಬರಿ, ತಂಗಿ.”

“ಮಗ್ಗ ನಿಲ್ಲಾಕತ್ತಾವ್ರಿ. ಅದ ಕಾರಣ.”

“ಅದು ತಕರಾರ. ಯಾಕ ನಿಲ್ಲಾಕತ್ತಾವ?”

ನನಗೆ ಗೊತ್ತಿರಲಿಲ್ಲ. ಹಲ್ಲು ಕಚ್ಚಿಕೊಂಡು ಯಡ್ರಾವಕ್ಕೆ ಹೋದೆ. ಎಳೆ ಕಾಯುವ ಸೆನ್ಸರುಗಳ ಮೇಲೆ ಹತ್ತಿಯ ಧೂಳು ಕಂಬಳಿಯಂತೆ ಕೂತಿತ್ತು. ಒರೆಸಿದೆವು, ಮಗ್ಗಗಳು ಓಡಿದವು. ನನ್ನ ಬದಲಾವಣೆ ಮಗ್ಗದವರೆಗೆ ಹೋಗಿದ್ದರೂ ಓಡುತ್ತಿದ್ದವು. ಆದರೆ ನಿಜವಾಗಿ ಎಳೆ ಹರಿದಾಗಲೂ ನಿಲ್ಲದೆ ಥಾನುಗಟ್ಟಲೆ ಬಟ್ಟೆ ಹಾಳಾಗುತ್ತಿತ್ತು. ಜೊತೆಗೆ ನನ್ನ ನೌಕರಿಯೂ.

ಬಂದು ಹೇಳಿದರೆ ಸರ್ ಶಾಭಾಸ್ ಅನ್ನಲಿಲ್ಲ. ಸೆನ್ಸರ್ ಒರೆಸಲು ನೆನಪಿಸುವ ಸೂಚನೆಯೊಂದನ್ನು ಸೇರಿಸು ಎಂದರು. ಸೇರಿಸಿದೆ. ಕಾರಣ ಬರೆಯಲು ಮರೆತಿದ್ದೆ, ಅದೂ ಮೊದಲ ಸಲ ಕೆಂಪಾಗಿಯೇ ವಾಪಸು ಬಂತು.

ಹೋದ ಮಳೆಗಾಲದಲ್ಲಿ ಸರ್ ಹೃದಯಾಘಾತದಿಂದ ತೀರಿಕೊಂಡರು. ಅವರ ಕುರ್ಚಿ ಈಗ ನನ್ನದು. ಆ ತಪಾಸಣೆ ತೆಗೆಯಿರಿ ಎಂದು ಹೊಸಬರು ಗೋಗರೆಯುತ್ತಾರೆ. ನನಗೂ ಅದರ ಕಾಟ ತಪ್ಪಿಲ್ಲ. ಒಂದು ದಿನ ತೆಗೆಯಲೆಂದೇ ಕೂತೆ. ಕಾರಣದ ಸಾಲಿನಲ್ಲಿ ‘ಭಾಳ ತ್ರಾಸು’ ಎಂದು ಬರೆದೆ, ಓದಿದೆ, ಅಳಿಸಿದೆ. ಬೇರೆ ಕಾರಣ ಇನ್ನೂ ಸಿಕ್ಕಿಲ್ಲ.