ಕಾಲುವೆ ಏರಿಯ ಮೇಲೆ ಚಿಕ್ಕಪ್ಪನ ಸೈಕಲ್

ಆ ದಿನ ಚಿಕ್ಕಪ್ಪನ ಸೈಕಲ್ ಮುಂದಿತ್ತೋ ನನ್ನದು ಮುಂದಿತ್ತೋ, ಖಾತ್ರಿಯಾಗಿ ಹೇಳಲಾರೆ. ಒಮ್ಮೆ ನೆನೆಸಿಕೊಂಡರೆ ಅವರ ಬೆನ್ನು ಕಾಣುತ್ತದೆ: ಬೆವರಿಗೆ ಅಂಟಿಕೊಂಡ ಬಿಳಿ ಅಂಗಿ, ಹೆಗಲ ಮೇಲಿನ ಟವೆಲ್ಲು. ಇನ್ನೊಮ್ಮೆ ನೆನೆಸಿಕೊಂಡರೆ ಎದುರಿಗೆ ಬರೀ ದಾರಿ; ಹಿಂದಿನಿಂದ ಅವರ ಚೈನ್ ಕವರಿನ ಕಟಕಟ ಮಾತ್ರ ಕೇಳುತ್ತದೆ. ಯಾರು ಮುಂದಿದ್ದರೆ ಏನಂತೆ ಎಂದು ನೀವು ಕೇಳಬಹುದು. ಕಣ್ಣು ಮಂಜಾಗುತ್ತಿದ್ದ ಮನುಷ್ಯ ತಾನೇ ದಾರಿ ನೋಡಿಕೊಂಡು ಹೋದನೋ, ನನ್ನ ಸಪ್ಪಳದ ಬೆನ್ನು ಹತ್ತಿ ಬಂದನೋ ಎಂಬುದು ಅದರ ಮೇಲೆಯೇ ನಿಂತಿದೆ.

ಇದೆಲ್ಲ ಮತ್ತೆ ತಲೆಗೆ ಹೊಕ್ಕಿದ್ದು ಸಹೋದ್ಯೋಗಿಯೊಬ್ಬರು ಮೊಬೈಲಿನಲ್ಲಿ ತೋರಿಸಿದ ಫೋಟೋದಿಂದ. ಯಾವುದೋ ತಣ್ಣನೆಯ ದೇಶದಲ್ಲಿ ಕಾಲುವೆ, ಅದರ ದಂಡೆಗುಂಟ ಸೈಕಲ್ಲಿಗರು, ತಲೆಗೆ ಬಣ್ಣಬಣ್ಣದ ಟೊಪ್ಪಿಗೆ. "ಒಂದು ಗಾಡಿ ಅಡ್ಡ ಬರಲ್ಲ ಸಾರ್, ಇದಕ್ಕೇ ಅಂತ ಜನ ದುಡ್ಡು ಕೊಟ್ಟು ಹೋಗ್ತಾರೆ" ಎಂದರು. ನಮ್ಮಲ್ಲೂ ಇತ್ತು ಎಂದೆ. ಅವರು ನಂಬಲಿಲ್ಲ. ನನ್ನ ಮಾತನ್ನು ನಾನೇ ಪೂರ್ತಿ ನಂಬುವವನಲ್ಲ. ಅವರ ಮೇಲೆ ಬೇಸರವಾಗಲಿಲ್ಲ.

ಹಗರಿಬೊಮ್ಮನಹಳ್ಳಿಯ ಹೊರಗೆ, ಹೊಲಗಳ ನಡುವೆ ಹಾಯುವ ಕಾಲುವೆಯ ಏರಿಯ ಮೇಲೆ ಒಂದು ಮಣ್ಣಿನ ದಾರಿ ಇತ್ತು. ನೀರಾವರಿ ಇಲಾಖೆಯ ಸಾಹೇಬರ ಜೀಪು ಓಡಾಡಲೆಂದು ಮಾಡಿದ್ದಂತೆ. ಜೀಪನ್ನು ನಾನು ಕಾಣಲಿಲ್ಲ. ಕಂಡದ್ದು ಕುರಿ, ಜಾಲಿಮರದ ನೆರಳು, ಬುತ್ತಿ ಹೊತ್ತು ಹೊಲಕ್ಕೆ ಹೋಗುವ ಹೆಂಗಸರು. ಆ ವರ್ಷಗಳಲ್ಲಿ ಡಾಂಬರು ರಸ್ತೆಯ ಮೇಲೆ ಅದಿರಿನ ಲಾರಿಗಳು ಕೆಂಪು ಧೂಳೆಬ್ಬಿಸಿಕೊಂಡು ಒಂದರ ಹಿಂದೊಂದು ಬರುತ್ತಿದ್ದವು. ಜೀವದ ಮೇಲೆ ಆಸೆಯಿದ್ದ ಸೈಕಲ್ಲಿನವರು ಏರಿ ಹಿಡಿಯುತ್ತಿದ್ದರು.

ಚಿಕ್ಕಪ್ಪ ಸೈಕಲ್ ಮೇಲೆ ಬಟ್ಟೆ ಮಾರುತ್ತಿದ್ದರು. ಕ್ಯಾರಿಯರ್ ಮೇಲೆ ಗಂಟು, ಗಂಟಿನೊಳಗೆ ಕುಬಸ ಹೊಲಿಸುವ ಖಣ, ಟವೆಲ್ಲು, ಲಂಗದ ಬಟ್ಟೆ. ಕೊಟ್ಟೂರು ಕಡೆಯ ಹಳ್ಳಿಗಳು ಒಂದು ದಿನ, ಕೂಡ್ಲಿಗಿ ಕಡೆಯವು ಇನ್ನೊಂದು ದಿನ. ಅವರು ಓಣಿಗೆ ಬಂದರೆ ಗಂಟು ಬಿಚ್ಚುವ ಮೊದಲೇ ಹೆಂಗಸರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಅವರಿಗೆ ಮಕ್ಕಳಿರಲಿಲ್ಲ, ಅಷ್ಟೂ ಓಣಿಗಳ ಮಕ್ಕಳ ಹೆಸರು ಗೊತ್ತಿತ್ತು. ಸೈಕಲ್ ಬಿಟ್ಟರೆ ಅವರಿಗೆ ಬೇರೆ ಅಂಗಡಿಯಿಲ್ಲ, ಬೇರೆ ಬಳಗವಿಲ್ಲ.

ಮೊದಲು ಇರುಳುಗಣ್ಣು ಎಂದರು. ಆಮೇಲೆ ಹಗಲೂ ಅಂಚುಗಳು ಕಪ್ಪಾಗತೊಡಗಿದವು. ದಾವಣಗೆರೆಯ ಡಾಕ್ಟರು ಬಹಳ ಹೊತ್ತು ನೋಡಿ, ಇದಕ್ಕೆ ಔಷಧವಿಲ್ಲ ಎಂದು ಹೇಳಿದ್ದು ಚಿಕ್ಕಮ್ಮನಿಗೆ ಮಾತ್ರ. ಚಿಕ್ಕಪ್ಪ ತಮಗೇನೂ ಆಗಿಲ್ಲವೆಂದು ನಡೆಸಿಕೊಂಡು ಹೋಗುತ್ತಿದ್ದರು, ಉಡಿ ತುಂಬುವ ಖಣದ ಪ್ರಸಂಗ ಆಗುವವರೆಗೆ.

ಕೊಟ್ಟೂರು ಹತ್ತಿರದ ಹಳ್ಳಿಯಲ್ಲಿ ಬಸುರಿ ಮಗಳಿಗೆ ಉಡಿ ತುಂಬಲು ಒಬ್ಬ ತಾಯಿ ಹಸಿರು ಖಣ ಕೇಳಿದ್ದಳು. ಚಿಕ್ಕಪ್ಪ ಬೆರಳಿನಲ್ಲಿ ಅಂಚು ಸವರಿ, ಮಡಿಕೆ ಬಿಚ್ಚದೆ, ಕಾಗದದಲ್ಲಿ ಸುತ್ತಿ ಕೊಟ್ಟು ಬಂದರು. ಅಕ್ಕಿ, ಕೊಬ್ಬರಿಬಟ್ಟಲು ಇಟ್ಟುಕೊಂಡು ಐದು ಮಂದಿ ಮುತ್ತೈದೆಯರ ಮುಂದೆ ಬಿಚ್ಚಿದರೆ ಒಳಗಿದ್ದದ್ದು ಕರೀ ಖಣ. ಮರುದಿನ ಆ ತಾಯಿ ಬಸ್ಸು ಹತ್ತಿ ಮನೆಗೇ ಬಂದಳು.

"ಹೊಟ್ಟಿಲಿದ್ದಾಕಿ ಉಡ್ಯಾಗ ಕರೇದು ಇಡ್ತಾರೇನೋ ಯಣ್ಣಾ? ನಿನಗೇನು ಕಣ್ಣಿಲ್ಲೇನು?"

"ಗಂಟಿನಾಗ ಕತ್ತಲಿತ್ತವ್ವಾ, ಕೈತಪ್ಪೇತಿ" ಎಂದರು ಚಿಕ್ಕಪ್ಪ. ಆಕೆ ಬೈದು, ಚಹಾ ಕುಡಿದು, ಹಸಿರು ಖಣ ತೆಗೆದುಕೊಂಡು ಹೋದಳು. ಚಿಕ್ಕಮ್ಮ ಸೈಕಲ್ಲಿನ ಬೀಗದ ಕೈ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ದಸರಾ ರಜೆಗೆ ಧಾರವಾಡದಿಂದ ಬಂದ ನಾನು ಈ ಜಗಳದ ನಡುವೆ ಬಿದ್ದೆ. ಆಗ ನಾನು ಎಂ.ಎ.ಯಲ್ಲಿ ತತ್ತ್ವಶಾಸ್ತ್ರ ಓದುತ್ತಿದ್ದೆ.

"ಅದರಾಗ ಏನು ಕಲಿಸ್ತಾರೋ?" ಎಂದು ಚಿಕ್ಕಮ್ಮ ಕೇಳಿದಳು.

"ಈಗ ನೋಡು ಚಿಗವ್ವಾ, ಎದುರಿಗೆ ಮೇಜು ಕಾಣತೈತಿ. ಅದು ಖರೇನ ಐತೋ, ನಮಗ ಹಂಗ ಕಾಣತೈತೋ ಅಂತ ವಿಚಾರ ಮಾಡ್ತೀವಿ."

"ಅದಕ್ಕ ಧಾರವಾಡಕ್ಕ ಯಾಕ ಹೋಗಿದ್ಯೋ? ನಿಮ್ಮ ಚಿಗಪ್ಪ ಮನ್ಯಾಗ ಕುಂತ ಅದನ್ನ ಮಾಡಾಕ ಹತ್ಯಾನಲ್ಲ. ನಿನ್ನೆ ಬಾಗಿಲಿಗೆ ಹಣಿ ಬಡಿಸಿಕೊಂಡ, ಬಾಗಿಲು ಇತ್ತು."

ಚಿಕ್ಕಪ್ಪನೇ ಜೋರಾಗಿ ನಕ್ಕರು. ಆ ನಗುವಿನ ಬೆನ್ನಿಗೇ ಪಂಥ ಕಟ್ಟಿದರು. ಕಾಲುವೆ ಏರಿಯ ಮೇಲೆ, ಕಟ್ಟೆಬಸವಣ್ಣನ ಗುಡಿಯವರೆಗೆ ಹೋಗಿ ಬರುವುದು. ಜೊತೆಗೆ ನಾನು, ಬಾಡಿಗೆ ಸೈಕಲ್ಲಿನ ಮೇಲೆ. ಅವರಿಗೆ ಕಾಣುತ್ತದೆ ಎಂದು ನಾನು ಬಂದು ಹೇಳಿದರೆ ಚಿಕ್ಕಮ್ಮ ಬೀಗದ ಕೈ ಕೊಡಬೇಕು, ಇಲ್ಲವೆಂದರೆ ಅವರು ಸೈಕಲ್ ಬಿಡಬೇಕು. "ಓದಿದಾವ ಅದಾನ, ಖರೇ ಹೇಳ್ತಾನ" ಎಂದರು. ಮೇಜಿನ ಬಗ್ಗೆಯೇ ತೀರ್ಮಾನಕ್ಕೆ ಬಾರದವನನ್ನು ಹೀಗೆ ಪಂಚನನ್ನಾಗಿ ಕೂರಿಸಿದರು.

ಬೆಳಿಗ್ಗೆ ಚಿಕ್ಕಮ್ಮ ತಾನೇ ಬೀಗ ತೆಗೆದು, ಬೀಗದ ಕೈಯನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು; ಉಪ್ಪಿಟ್ಟು ತಿಂದು ಹೊರಟೆವು. ನೆನಪು ನಿಚ್ಚಳವಾಗಿರುವುದು ಇಲ್ಲಿಂದ, ಅದಕ್ಕೇ ನನಗೆ ಇದರ ಮೇಲೆ ಅನುಮಾನ. ಎಡಕ್ಕೆ ಸೂರ್ಯಕಾಂತಿ ಹೊಲ, ಬಲಕ್ಕೆ ಕಾಲುವೆ. ಚಿಕ್ಕಪ್ಪ ನೆಟ್ಟಗೆ ಕೂತು ತುಳಿಯುತ್ತಿದ್ದರು. ಗಂಟಿಲ್ಲದ ಸೈಕಲ್ ಹಗುರಾಗಿ, ಹುರುಪಿನಲ್ಲಿ ಓಡುತ್ತಿತ್ತು. ಎದುರಿಗೆ ಬಂದ ಕುರಿಯವನಿಗೆ ಬೆಲ್ ಹೊಡೆದರು. ಅದು ಕುರಿ ಕಂಡೋ, ಕುರಿಯ ಸದ್ದು ಕೇಳಿಯೋ? "ಎಷ್ಟ ವರ್ಷ ಆತಲೇ, ಹಿಂಗ ಸುಮ್ಮನ ಸೈಕಲ್ ಹೊಡೆದು" ಎಂದರು. ಮಾರುವುದಕ್ಕಲ್ಲದೆ ಸೈಕಲ್ ತುಳಿದದ್ದು ಅವರ ಬಾಳಿನಲ್ಲಿ ಅದೊಂದೇ ಸಲವೇನೋ.

ಆಮೇಲೆ ಒಂದು ಕಡೆ ನಿಂತೆವು. ನಾವು ಕಾಲುವೆಯ ಆಚೆ ದಂಡೆಯಲ್ಲಿದ್ದೆವು. ಅಲ್ಲಿಗೆ ದಾಟಿದ್ದು ಹೇಗೆ ಎಂದು ಈಗ ನೆನಪಿಲ್ಲ. ನನ್ನ ತಲೆಯೊಳಗಿನ ಚಿತ್ರದಲ್ಲಿ ಸೇತುವೆ ಇಲ್ಲ. ಚಿಕ್ಕಪ್ಪ ಕಾಲೂರಿ, ಕಾಲುವೆಯ ಕಡೆಗೆ ಮುಖ ತಿರುಗಿಸಿ, ಹೇಳಿದರು:

"ಕಾಲ್ವಿ ತುಂಬಿ ಹೊಂಟೈತಿ ನೋಡಲೇ. ಬಿಸಲಿಗೆ ನೀರು ಹೆಂಗ ಮಿಂಚತೈತಿ!"

"ಹೌದು ಚಿಗಪ್ಪಾ, ಭಾಳ ಛಂದ ಮಿಂಚತೈತಿ."

"ಎಷ್ಟೈತಿ ಅಂತಿ?"

"ದಂಡಿಮಟ ಐತಿ."

ನಿಮಗೆ ಹೇಳುತ್ತೇನೆ, ಆ ನೀರನ್ನು ಈಗಲೂ ನೋಡಬಲ್ಲೆ. ಗಾಳಿಗೆ ಅದರ ಮೇಲೆ ಸಣ್ಣ ನಿರಿಗೆಗಳು ಓಡುತ್ತಿದ್ದವು. ಬೆಳಕು ಕಣ್ಣಿಗೆ ಚುಚ್ಚಿ ನಾನು ಅಂಗೈ ಅಡ್ಡ ಹಿಡಿದಿದ್ದೆ. ಇವರಿಗೆ ಇಷ್ಟು ಕಾಣುತ್ತದಲ್ಲ ಎಂದು ನನ್ನ ಎದೆ ಹಗುರಾಯಿತು. ಈ ಒಂದು ಮಾತು ಸಾಕು, ಚಿಕ್ಕಮ್ಮನ ಸೊಂಟದಿಂದ ಬೀಗದ ಕೈ ತೆಗೆಸಬಹುದು ಎಂದುಕೊಂಡೆ.

ಚಿಕ್ಕಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ನಡಿ, ಮನಿಗೆ ಹೋಗೂನು" ಎಂದರು. ಗುಡಿ ಇನ್ನೂ ದೂರವಿತ್ತು. ಅವರು ಸೈಕಲ್ ಹತ್ತಲಿಲ್ಲ. ಹ್ಯಾಂಡಲ್ ಹಿಡಿದು ನೂಕಿಕೊಂಡು ನಡೆದರು, ನಾನೂ ನಡೆದೆ.

ಮನೆಗೆ ಬಂದು ಸೈಕಲ್ಲನ್ನು ಗೋಡೆಗೆ ಒರಗಿಸಿದರು. ಚಿಕ್ಕಮ್ಮ ಬಾಗಿಲಲ್ಲಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಚಿಕ್ಕಪ್ಪ ಬೀಗ ಹಾಕಿ, "ಯಾರಿಗಾರ ಕೊಟ್ಟುಬಿಡು" ಎಂದು ಒಳಗೆ ಹೋದರು. ಗೆದ್ದ ಚಿಕ್ಕಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತು ಅತ್ತಳು.

ಆಮೇಲೆ ಚಿಕ್ಕಪ್ಪ ಹಲವು ವರ್ಷ ಬದುಕಿದ್ದರು. ಹಳ್ಳಿಗಳ ಹೆಂಗಸರು ಹಗರಿಬೊಮ್ಮನಹಳ್ಳಿ ಸಂತೆಗೆ ಬಂದಾಗ ಮಾತಾಡಿಸಿ ಹೋಗುತ್ತಿದ್ದರಂತೆ. ಬರಬರುತ್ತ ಅದೂ ಕಡಿಮೆಯಾಯಿತು. ನಾನು ರಜೆಗೆ ಹೋದಾಗ ದನಿಯಿಂದ ಗುರುತು ಹಿಡಿದು, "ಮೇಜು ಐತೋ ಇಲ್ಲೋ, ಗೊತ್ತಾತೇನಲೇ?" ಎನ್ನುತ್ತಿದ್ದರು. ಕಾಲುವೆಯ ಮಾತು ಎಂದೂ ತೆಗೆಯಲಿಲ್ಲ.

ಅವರು ತೀರಿಕೊಂಡ ಮೇಲೆ, ಆ ಫೋಟೋ ನೋಡಿದ ಮರುವಾರವೇ, ನಾನು ಊರಿಗೆ ಹೋಗಿ ಚಿಕ್ಕಮ್ಮನನ್ನು ಕೇಳಿದೆ: ಅವತ್ತು ಯಾಕೆ ಸೈಕಲ್ ಬಿಟ್ಟರು? ಆಕೆ ಶೇಂಗಾ ಸುಲಿಯುತ್ತಿದ್ದಳು.

"ಮರುದಿನ ನಾನೂ ಅದನ್ನ ಕೇಳಿದ್ನೆಪ್ಪಾ. 'ಬಿದ್ರ ಎದ್ದೇನು, ಅದಕ್ಕ ಅಂಜಿಲ್ಲ. ಹುಡುಗ ನನ್ನ ಮ್ಯಾಲೆ ಕರುಣೆ ಬಂದು ಸುಳ್ಳು ಹೇಳಿದ. ಅವನ ಹಿಂಗ ಹೇಳಿದ್ರ ಇನ್ನ ಊರೆಲ್ಲ ಹಿಂಗ ಹೇಳತೈತಿ. ಖಣ ಕೈಯಾಗ ಹಿಡಕೊಂಡು ಇದು ಹಸರೋ ಕರೇದೋ ಅಂತ ಯಾರನ್ನ ನಂಬಿ ಕೇಳ್ಲಿ?' ಅಂದ. ಏನು ಸುಳ್ಳು ಹೇಳಿದ್ಯೋ ತಮ್ಮಾ?"

ನಾನು ಯಾವ ಸುಳ್ಳನ್ನೂ ಹೇಳಿರಲಿಲ್ಲ. ಹಾಗೆಂದು ಆಕೆಗೆ ಹೇಳಿದೆ, ಸ್ವಲ್ಪ ಬಿರುಸಾಗಿಯೇ. ನೀರು ಮಿಂಚುತ್ತಿತ್ತು, ಮಿಂಚುತ್ತದೆ ಅಂದೆ.

ಆಕೆ ಮತ್ತೆ ಶೇಂಗಾ ಸುಲಿಯತೊಡಗಿದಳು. ಸಂಜೆಯವರೆಗೆ ಕೂರಲಾಗದೆ ನಾನು ಏರಿಯ ಕಡೆಗೆ ಹೋದೆ. ದಾರಿ ಈಗಲೂ ಇದೆ, ಜಾಲಿ ಬೆಳೆದು ಕಿರಿದಾಗಿದೆ. ಕಾಲುವೆ ಪಕ್ಕದ ಹೊಲದ ಮುದುಕರೊಬ್ಬರಿಗೆ ವರ್ಷ ಹೇಳಿ, ಆ ದಸರೆಯಲ್ಲಿ ನೀರು ಹೇಗಿತ್ತು ಎಂದು ಕೇಳಿದೆ. "ಎಲ್ಲಿ ನೀರ್ರಿ? ಆ ವರ್ಷ ಕಾಲ್ವಿ ತಳದಾಗ ಮೆಕ್ಕೆಜ್ವಾಳ ಒಣಗಾಕ ಹರವಿದ್ವಿ" ಎಂದರು. ಒಬ್ಬರ ನೆನಪನ್ನು ನಂಬುವ ಅಭ್ಯಾಸ ನನಗಿಲ್ಲ. ಇನ್ನೂ ಮುಂದೆ ನಡೆದು, ಅವರ ಪರಿಚಯವಿಲ್ಲದ ಮತ್ತೊಬ್ಬರನ್ನು ಕೇಳಿದೆ. ಮರುದಿನ ಕಾಲುವೆಯ ಗೇಟು ತೆರೆಯುವ ಕೆಲಸದಲ್ಲಿದ್ದು ನಿವೃತ್ತರಾದವರ ಮನೆ ಹುಡುಕಿಕೊಂಡು ಹೋಗಿ ಅವರನ್ನೂ ಕೇಳಿದೆ. ಮೂವರೂ ಹೇಳಿದ್ದು ಒಂದೇ: ಆ ವರ್ಷ ಕಾಲುವೆಗೆ ನೀರು ಬಿಟ್ಟಿರಲಿಲ್ಲ. ಹಾಗಾದರೆ ಸೇತುವೆಯಿಲ್ಲದೆ ನಾವು ಆಚೆ ದಂಡೆಗೆ ದಾಟಿದ್ದು ಅದರ ಒಣ ತಳದ ಮೇಲೆಯೇ ಇರಬೇಕು, ಚಿಕ್ಕಪ್ಪನ ಕಾಲಿಗೆ ಅದು ತಿಳಿದಿರಬೇಕು.