ಚೆಂಡಿಗಿಂತ ಮುಂಚೆ ಹಾರಿದವನು

ಸಾತುರ್ನಿನೊ ಕೋಲ್ಕೆ ಎತ್ತರದ ಬೆಟ್ಟದ ಊರು ಪೊತೊಸಿಯ ನಮ್ಮ ಗಣಿ ಫುಟ್‌ಬಾಲ್ ತಂಡದ ಗೋಲ್‌ಕೀಪರ್. ಎಲ್ಲರ ಬಾಯಲ್ಲೂ ಸಾತು. ನಾನು ಅವನ ಮುಂದೆ ನಿಂತು ಆಡುವವನು. ಗಣಿಯಲ್ಲೂ ಇಬ್ಬರದೂ ಒಂದೇ ಸುರಂಗ. ಅವನ ಮಗಳು ಲೂಸ್ಮಿಲಾಳಿಗೆ ಚರ್ಚಿನಲ್ಲಿ ಹೆಸರಿಡುವಾಗ ಎತ್ತಿಕೊಂಡು ನಿಂತವನು ನಾನೇ. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕಂಪಾದ್ರೆ, ಅಂದರೆ ಮಗುವಿನ ಮೂಲಕ ಆದ ನೆಂಟರು.

ಕೆಳಗಿನ ಊರಿನ ತಂಡಗಳು ನಮ್ಮ ಬೆಟ್ಟದ ತೆಳು ಗಾಳಿಗೆ ಬಂದರೆ ಅರ್ಧ ಆಟಕ್ಕೇ ಬಾಯಿ ಬಿಡುತ್ತಿದ್ದವು. ಕೆಲವರು ಗೆರೆಯ ಪಕ್ಕದಲ್ಲೇ ವಾಂತಿ ಮಾಡಿಕೊಳ್ಳುತ್ತಿದ್ದರು. ಸಾತು ಗೋಲಿನಿಂದಲೇ ಕೂಗುತ್ತಿದ್ದ: "ಗಾಳಿ ಬೇಕೇನ್ರಪ್ಪಾ? ನನ್ ಹತ್ರ ಮೂಟೆಗಟ್ಲೆ ಇದೆ, ಬಂದು ತಗೊಂಡ್ ಹೋಗಿ!"

ಅವನ ಮಗಳಿಗೆ ಮಾತ್ರ ಆ ಗಾಳಿ ಸಾಕಾಗುತ್ತಿರಲಿಲ್ಲ. ಲೂಸ್ಮಿಲಾ ಹುಟ್ಟಿದಾಗಿನಿಂದ ಎದೆಯಲ್ಲಿ ತೊಂದರೆ. ನಾಲ್ಕು ಹೆಜ್ಜೆ ನಡೆದರೆ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ತುಟಿ ನೀಲಿ. ಒಂದು ದಿನ ಡಾಕ್ಟರಮ್ಮ ಬಿಡಿಸಿ ಹೇಳಿದರು: "ಇಷ್ಟು ಎತ್ತರದಲ್ಲಿ ಈ ಮಗು ಉಳಿಯೋದು ಕಷ್ಟ ಸಾತುರ್ನಿನೊ. ಕೆಳಗೆ ಕರ್ಕೊಂಡ್ ಹೋಗಿ ಇಟ್ಕೊಳ್ಳಿ. ಆಪರೇಷನ್ ಆಮೇಲಿನ ಮಾತು."

ಕೆಳಗೆ ಅಂದರೆ ಬಯಲಿನ ಊರು ಸಾಂತಾ ಕ್ರೂಸ್. ಅಲ್ಲಿ ಅವನಿಗೆ ಯಾರಿದ್ದಾರೆ? ಕಲ್ಲು ಕೊರೆಯುವುದು ಬಿಟ್ಟರೆ ಅವನಿಗೆ ಗೊತ್ತಿದ್ದದ್ದು ಚೆಂಡು ಹಿಡಿಯುವುದು.

ಅಷ್ಟರಲ್ಲಿ ಅಲ್ಲಿನ ಒಂದು ಕ್ಲಬ್ಬಿನಿಂದ ಕರೆ ಬಂತು. ಎರಡನೇ ಗೋಲ್‌ಕೀಪರ್ ಬೇಕು, ಬಂದು ಆಡಿ ತೋರಿಸಲಿ. ಆರಿಸಿಕೊಂಡರೆ ಸಂಬಳ, ಹೆಂಡತಿ ಮಕ್ಕಳಿಗೆ ಒಂದು ಕೋಣೆ. ಸಾತು ನನ್ನ ತೋಳು ಹಿಡಿದುಕೊಂಡ. "ಇದೊಂದೇ ದಾರಿ ಕಂಪಾದ್ರೆ," ಅಂದ.

ನಾವು ತಂಡದವರೆಲ್ಲ ಅವನನ್ನು ತಯಾರು ಮಾಡಿದೆವು. ದಿನಾ ಸಂಜೆ ಗಣಿಯಿಂದ ಬಂದು ಅವನ ಮೇಲೆ ಚೆಂಡು ಹೊಡೆದದ್ದೇ ಹೊಡೆದದ್ದು. ಎಷ್ಟು ಜೋರಾಗಿ ಹೊಡೆದರೆ ಅಷ್ಟು ಒಳ್ಳೆಯದು ಅಂದುಕೊಂಡಿದ್ದೆವು. ನಮ್ಮಲ್ಲಿ ಚೆಂಡು ನೆಟ್ಟಗೆ, ಗುಂಡಿನ ಹಾಗೆ ಬರುತ್ತದೆ. ಕಾಲು ಎತ್ತಿದ್ದು ಕಂಡ ಕೂಡಲೇ ಹಾರಬೇಕು. ಸಾತು ಹಾರುತ್ತಿದ್ದ, ಒಂದನ್ನೂ ಬಿಡುತ್ತಿರಲಿಲ್ಲ.

"ಕೆಳಗೆ ನಿಂಗೆ ಹಬ್ಬ ಕಣೋ," ಅಂದ ನಮ್ಮ ಮುದುಕ ಕೋಚ್ ದೋನ್ ರೋಮುಲೊ. "ಅಲ್ಲಿ ಉಸಿರಾಟ ಅಂದ್ರೆ ಸೂಪ್ ಕುಡಿದಂಗೆ. ನಿಂಗೆ ಸುಸ್ತೇ ಆಗಲ್ಲ."

ನಮಗೆ ಗೊತ್ತಿದ್ದದ್ದು ಎದೆಯ ಗಾಳಿ ಮಾತ್ರ. ಚೆಂಡೂ ಅದೇ ದಟ್ಟ ಗಾಳಿಯನ್ನು ಸೀಳಿಕೊಂಡು ನಿಧಾನಕ್ಕೆ ಬರಬೇಕಲ್ಲ ಅಂತ ಯಾರಿಗೂ ಹೊಳೆಯಲಿಲ್ಲ.

ಅವನ ಹೆಂಡತಿ ಬಾಸಿಲಿಯಾ, ಮಗು, ನಾನು, ಎಲ್ಲರೂ ಅವನ ಜೊತೆಗೆ ಸಾಂತಾ ಕ್ರೂಸ್‌ಗೆ ಹೋದೆವು. ಮೈದಾನದಲ್ಲಿ ಸೆಕೆ ಅಂದರೆ ಸೆಕೆ. ಅಲ್ಲಿನ ಹುಡುಗರು ನಮ್ಮ ಉಣ್ಣೆ ಅಂಗಿ ನೋಡಿ ನಕ್ಕರು.

"ಏ ಕೋಲ್ಯಾ, ಲಾಮಾನ ಎಲ್ಲಿ ಕಟ್ಟಿ ಬಂದೆ?" ಬೆಟ್ಟದವರಿಗೆ ಅವರಿಟ್ಟ ಅಡ್ಡಹೆಸರು ಕೋಲ್ಯಾ, ನಮ್ಮ ಮೂಟೆ ಹೊರುವ ಪ್ರಾಣಿ ಲಾಮಾ.

"ನಿಮ್ಮ ಗೋಲಿಗೇ ಕಟ್ಟಿದೀನಿ, ಹುಷಾರಾಗಿ ಹೊಡೀರಿ," ಅಂದ ಸಾತು. ಅವರೂ ನಕ್ಕರು. ಅವನಲ್ಲಿ ಅಷ್ಟು ಧೈರ್ಯವಿತ್ತು.

ಮೊದಲ ಹೊಡೆತಕ್ಕೆ ಎಡಕ್ಕೆ ಹಾರಿದ. ಅವನು ನೆಲಕ್ಕೆ ಬಿದ್ದಾಗ ಚೆಂಡು ಇನ್ನೂ ದಾರಿಯಲ್ಲಿತ್ತು. ಆಮೇಲೆ ನಿಧಾನಕ್ಕೆ ಬಾಗಿ, ಅವನ ಕಾಲಿನ ಮೇಲೆ ಹಾದು ಬಲೆಗೆ ಬಿತ್ತು. ಎರಡನೆಯದೂ ಹಾಗೇ. ಮೂರನೆಯದಕ್ಕೆ ಬೇಕೆಂದೇ ತಡೆದು ನಿಂತ. ತಡೆದದ್ದು ಜಾಸ್ತಿಯಾಯಿತು, ಹಾರುವುದರೊಳಗೆ ಚೆಂಡು ದಾಟಿಹೋಯಿತು.

"ಏನೋ ಇದು?" ಅಂತ ನನ್ನ ಕಡೆ ನೋಡಿದ. ಅವನ ಮುಖ ಹಾಗಾಗಿದ್ದನ್ನು ನಾನು ಸುರಂಗ ಕುಸಿದಾಗಲೂ ಕಂಡಿರಲಿಲ್ಲ.

ಅತ್ತ ಗೋಲಿನ ಹಿಂದೆ ಲೂಸ್ಮಿಲಾ ಎದ್ದು ನಿಂತಿದ್ದಳು. ಬಲೆ ದಾಟಿ ಹೋದ ಒಂದು ಚೆಂಡಿನ ಹಿಂದೆ ಓಡಿದಳು. ಓಡಿದಳು! ಕೂರಲಿಲ್ಲ. ಬಾಸಿಲಿಯಾ ಬಾಯಿಗೆ ಶಾಲು ಒತ್ತಿಕೊಂಡು ಅಳುತ್ತಿದ್ದಳು. ಸಾತು ತಿರುಗಿ ಮಗಳನ್ನೇ ನೋಡುತ್ತಾ ನಿಂತ. ಆಗಲೇ ಇನ್ನೊಂದು ಗೋಲು ಬಿತ್ತು.

ಅಲ್ಲಿನ ಕೋಚ್ ಕೆಟ್ಟವನಲ್ಲ. ಹತ್ತಿರ ಕರೆದು ಹೇಳಿದ: "ನಿನ್ನ ಕೈ ಚೆನ್ನಾಗಿದೆ. ಹಾರೋ ಲೆಕ್ಕ ಮಾತ್ರ ಬೆಟ್ಟದ ಗಾಳಿದು. ಇಲ್ಲೇ ಇದ್ದು ಒಂದೆರಡು ತಿಂಗಳು ಆಡಿದ್ರೆ ಸರಿಹೋಗತ್ತೆ."

"ಇಟ್ಕೊಳ್ಳಿ ಸಾರ್. ಸಂಬಳ ಬೇಡ, ಕೋಣೆ ಕೊಡಿ ಸಾಕು. ಹುಲ್ಲು ಕತ್ತರಿಸ್ತೀನಿ, ಶೂ ತೊಳೀತೀನಿ."

"ನಂಗೆ ಬರೋ ಭಾನುವಾರಕ್ಕೆ ಆಳು ಬೇಕಪ್ಪಾ."

"ಇನ್ನೊಂದೇ ಒಂದು ಹೊಡೆಸಿ ಸಾರ್. ಒಂದೇ."

ಹೊಡೆಸಿದರು. ಅದಕ್ಕೂ ಚೆಂಡಿಗಿಂತ ಮುಂಚೆಯೇ ಹಾರಿದ.

ಬಸ್‌ಸ್ಟ್ಯಾಂಡಿನಲ್ಲಿ ಕಂಡಕ್ಟರ್ "ಪೊತೊಸಿ, ಪೊತೊಸಿ" ಅಂತ ಕೂಗುತ್ತಿದ್ದ. ಬಾಸಿಲಿಯಾ ಗಂಟು ಎತ್ತಿಕೊಂಡಳು. ಸಾತು ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಸ್ಸಿನ ಬಾಗಿಲವರೆಗೂ ಬಂದ. ಮೆಟ್ಟಿಲ ಮೇಲೆ ಕಾಲಿಡಲಿಲ್ಲ.

"ನೀನು ಹೋಗು ಕಂಪಾದ್ರೆ."

"ಎಲ್ಲಿರ್ತೀಯೋ? ತಲೆ ಕೆಟ್ಟಿದೆಯಾ?"

"ಹತ್ತಿದ್ರೆ ನನ್ ಕೈಯಾರೆ ಇವಳನ್ನ ಮತ್ತೆ ಮೇಲಕ್ಕೆ ತಗೊಂಡ್ ಹೋದಂಗೆ ಆಗತ್ತೆ. ನನ್ನಿಂದ ಆಗಲ್ಲ."

ಬಾಸಿಲಿಯಾ ಗಂಟು ಕೆಳಗಿಟ್ಟಳು.

ಈಗ ಅವನು ಅಲ್ಲಿನ ಮಾರುಕಟ್ಟೆಯಲ್ಲಿ ಮೂಟೆ ಹೊರುತ್ತಾನೆ. ಮಲಗುವುದು ತರಕಾರಿ ಅಂಗಡಿಯೊಂದರ ತಗಡಿನ ಕೆಳಗೆ, ಮೂವರೂ ಒಂದೇ ಕಂಬಳಿಯಲ್ಲಿ. ಅಂಗಡಿಯವರು ಎಬ್ಬಿಸಿದರೆ ಬೇರೆ ಅಂಗಡಿ. ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆ ಸುತ್ತುತ್ತಿದ್ದಾನೆ. ಯಾವಾಗ ಅಂತ ಯಾರೂ ಹೇಳುತ್ತಿಲ್ಲ. ಮೊನ್ನೆ ಫೋನಿನಲ್ಲಿ ಸಿಕ್ಕ.

"ಚೆಂಡು ಮುಟ್ಟಿದ್ಯಾ?" ಅಂತ ಕೇಳಿದೆ.

"ಇಲ್ಲ."

"ಮಗು?"

"ಓಡ್ತಾಳೆ," ಅಂದ. "ಸಂತೆಯಲ್ಲೆಲ್ಲಾ ಓಡಾಡ್ತಾಳೆ. ಇಲ್ಲಿಂದ್ಲೂ ಓಡಿಸಿಬಿಟ್ರೆ ಎಲ್ಲಿಗೆ ಕರ್ಕೊಂಡ್ ಹೋಗ್ಲಿ ಕಂಪಾದ್ರೆ, ಹೇಳು?"