ನಮ್ಮ ಮನೆಗೆ ಬಂದ ವೇಲ್ಸ್ ಶಾಲೆ

ಕುವೈತಿನ ಶರ್ಕ್‌ ಬಡಾವಣೆಯ ನಮ್ಮ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವಳು ವೇಲ್ಸ್‌ನವಳು. ತನ್ನ ನಾಡಿನ ಹದಿನೆಂಟನೆಯ ಶತಮಾನದ ಆರಂಭದ ದೊಡ್ಡ ಮನುಷ್ಯರೆಲ್ಲ ಅವಳಿಗೆ ಸೋದರಮಾವಂದಿರಿದ್ದ ಹಾಗೆ. ಯಾವ ಜಮೀನ್ದಾರ ಇಂಗ್ಲಿಷ್ ಕಲಿತು ಮನೆಮಾತು ಮರೆತ, ಯಾವ ಬಿಷಪ್ ಯಾರ ಮೇಲೆ ಸಿಡುಕಿದ, ಎಲ್ಲ ಗೊತ್ತು. ಅವರಲ್ಲಿ ನನಗೆ ಹಿಡಿಸಿದವನು ಒಬ್ಬ ಹಳ್ಳಿ ಪಾದ್ರಿ. ಉಬ್ಬಸದ ಮನುಷ್ಯ. ಬಡವರಿಗೆ ಓದು ಕಲಿಸಲು ಅವನು ಕಟ್ಟಡ ಕಟ್ಟಲಿಲ್ಲ, ಶಾಲೆಯನ್ನೇ ಊರಿಂದೂರಿಗೆ ಕಳಿಸಿದ. ಹೊಲದ ಕೆಲಸ ಕಡಿಮೆಯಿರುವ ಚಳಿಗಾಲದಲ್ಲಿ ಮೇಷ್ಟ್ರು ಬಂದು ಮೂರು ತಿಂಗಳಿರುವುದು, ಜನರ ಸ್ವಂತ ಭಾಷೆಯಲ್ಲಿ ಓದು ಕಲಿಸುವುದು, ಮುಂದಿನ ಊರಿಗೆ ಹೊರಡುವುದು. ಬರವಣಿಗೆಯ ಗೊಡವೆಯೇ ಇಲ್ಲ. ಒಬ್ಬ ಸಿರಿವಂತ ಹೆಂಗಸು ಅವನ ಬೆನ್ನಿಗೆ ನಿಂತಳಂತೆ. ಮಕ್ಕಳಿಗಿಂತ ದೊಡ್ಡವರೇ ಹೆಚ್ಚು ಬರುತ್ತಿದ್ದರಂತೆ. ಕನ್ನಡಕದ ಮುದುಕರು, ಇಷ್ಟು ವರ್ಷ ಕಲಿಯಲಿಲ್ಲವಲ್ಲ ಎಂದು ಅಳುತ್ತಿದ್ದರಂತೆ. "ಪಾಪ" ಎಂದು ನಾನು ಚಹಾ ಮುಗಿಸಿದೆ.

ಆಗ ನಾವಿರುವ ಹವಲ್ಲಿ ಬಡಾವಣೆಯ ನಮ್ಮ ಕನ್ನಡ ತರಗತಿ ಕೊನೆಯುಸಿರು ಎಳೆಯುತ್ತಿತ್ತು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರಿಸುವ ಮಕ್ಕಳು ಎರಡು ವರ್ಷದಿಂದ ಅಕ್ಷರ ತಿದ್ದುತ್ತಲೇ ಇದ್ದರು. ಪೋಷಕರ ಸಭೆಯಲ್ಲಿ ನಾನು ಎದ್ದುನಿಂತು ಪಾದ್ರಿಯ ಕಥೆ ಹೇಳಿದೆ. ಮೂರು ತಿಂಗಳು ಒಂದು ಮನೆ, ಬರೀ ಓದು. ಸಾಲದ್ದಕ್ಕೆ, ಶಾಲೆ ಬಂದ ಮೊದಲ ದಿನ ಆ ಮನೆಯ ತಾಯಿ ಮಕ್ಕಳಿಗೆ ಒಂದು ಕಥೆ ಓದಬೇಕು ಎಂಬ ನಿಯಮವನ್ನೂ ಸೇರಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು.

ನನಗೆ ಕನ್ನಡ ಓದಲು ಬರುತ್ತಿರಲಿಲ್ಲ.

ನಾನು ಬೆಳೆದದ್ದು ಕುವೈತಿನಲ್ಲೇ. ಮನೆಯಲ್ಲಿ ಅಪ್ಪ ಅಮ್ಮನ ಅಪ್ಪಟ ಮೈಸೂರು ಕನ್ನಡ. ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಒಂದಿಷ್ಟು ಅರೇಬಿಕ್. ಭಜನೆಯಲ್ಲಿ ಪುಸ್ತಕ ಹಿಡಿದು, ಬಾಯಿಪಾಠ ಹಾಡುತ್ತಿದ್ದೆ. ಗುಟ್ಟು ಗೊತ್ತಿದ್ದದ್ದು ಗಂಡನಿಗೆ ಮಾತ್ರ. ಶಾಸ್ತ್ರ ಹೇಳೋದಕ್ಕೆ, ಬದನೆಕಾಯಿ ತಿನ್ನೋದಕ್ಕೆ ಎನ್ನುವುದು ನನ್ನಂಥವರನ್ನು ಕಂಡೇ ಇರಬೇಕು.

ಎರಡು ಮನೆ ಸುತ್ತಿ ಶಾಲೆ ನಮ್ಮ ಮನೆಗೆ ಬರುವ ಹೊತ್ತಿಗೆ ಎಂಟು ವರ್ಷದ ನನ್ನ ಮಗಳು ಓದಲು ಶುರುಮಾಡಿದ್ದಳು. ಹತ್ತು ಮನೆಯವರು ನಕ್ಕರೆ ನಗಲಿ. ಕಲಿ ಕಲಿ ಎಂದು ಅವಳ ತಲೆ ತಿಂದವಳು ನಾನು, ಅವಳ ಕಣ್ಣಿನಲ್ಲಿ ಸಣ್ಣವಳಾಗುವುದು ನನಗೆ ಬೇಡವಾಗಿತ್ತು. ಕೊಡೆ ಕಳೆದುಕೊಂಡ ಅಜ್ಜಿಯ ಕಥೆ ಆರಿಸಿ, ಗಂಡನಿಂದ ಓದಿಸಿ ಬಾಯಿಪಾಠ ಮಾಡಿದೆ. ಅವರು ಒಂದು ಕಣ್ಣನ್ನು ಕ್ರಿಕೆಟ್ ಮೇಲಿಟ್ಟೇ ಓದಿದರು.

ವಾರದ ರಜೆಯ ಶುಕ್ರವಾರ ಬೆಳಿಗ್ಗೆ ನಡುಮನೆಯ ತುಂಬ ಮಕ್ಕಳು, ಗೋಡೆಗೊರಗಿ ಅಮ್ಮಂದಿರು. ಪುಟ ತಿರುಗಿಸುತ್ತಾ, ದನಿ ಏರಿಳಿಸುತ್ತಾ ಕಥೆ ಮುಗಿಸಿದೆ. ನಾಟಕದವರಿಗೂ ಅಷ್ಟು ಚೆನ್ನಾಗಿ ಬರದು.

"ಅಮ್ಮಾ, ಯೂ ಮಿಸ್ಡ್ ದ ಗೋಟ್ ಪೇಜ್" ಎಂದಳು ಮಗಳು.

ನಾನು ಪುಟಗಳನ್ನು ಹಿಂದೆ ಮುಂದೆ ಮಾಡಿದೆ. ಆಡಿನ ಚಿತ್ರ ಸಿಕ್ಕಿತು. ಅದರ ಕೆಳಗಿನ ಸಾಲುಗಳನ್ನು ನೋಡುತ್ತಾ ಕುಳಿತೆ. ಗಂಡ ಅಡುಗೆಮನೆಗೆ ನುಸುಳಿದರು.

"ನಂಗೆ ಓದೋಕ್ ಬರಲ್ಲ ಪುಟ್ಟಿ" ಎಂದೆ, ಎಲ್ಲರೆದುರಿಗೆ.

ಯಾರೂ ನಗಲಿಲ್ಲ. ನಮ್ಮ ಮೇಷ್ಟ್ರು ಉಡುಪಿ ಕಡೆಯವರು, ಹೋಟೆಲೊಂದರ ಮ್ಯಾನೇಜರ್. ಚಾಪೆಯ ಮೇಲೆ ಜಾಗ ತೋರಿಸಿ, "ಅದಕ್ಕೆಂತ ಅಕ್ಕ? ಬನ್ನಿ, ಕೂತ್ಕೊಳ್ಳಿ. ಇನ್ನು ಮೂರು ತಿಂಗಳು ಉಂಟಲ್ಲ ಮಾರಾಯ್ರೆ" ಎಂದರು. ಆಮೇಲೆ ಗೋಡೆಗೊರಗಿದ್ದ ಇನ್ನಿಬ್ಬರು ಅಮ್ಮಂದಿರು ಎದ್ದು ಬಂದು ನನ್ನ ಪಕ್ಕದಲ್ಲಿ ಕುಳಿತರು.

ಮೂರು ತಿಂಗಳು ಮಗಳ ಕೈಯಲ್ಲಿ ಬೈಸಿಕೊಂಡೆ. ಒತ್ತಕ್ಷರ ಬಂದಾಗಲೆಲ್ಲ ಅವಳು ಹಣೆ ಚಚ್ಚಿಕೊಳ್ಳುತ್ತಿದ್ದಳು. ಸುಳ್ಳೇಕೆ ಹೇಳಲಿ, ಅಷ್ಟು ಸುಖದ ಶುಕ್ರವಾರಗಳು ನನಗೆ ಇನ್ನೆಂದೂ ಸಿಕ್ಕಿಲ್ಲ. ಬರವಣಿಗೆ ಆಮೇಲೆ ಕಲಿತೆ. ಈ ಬರಹದ ತಪ್ಪುಗಳನ್ನೂ ಅವಳೇ ತಿದ್ದಿದ್ದಾಳೆ.

ಶಾಲೆ ಮುಂದಿನ ಮನೆಗೆ ಹೊರಡುವ ದಿನ ಆ ಪುಸ್ತಕ ತೆಗೆದು, ಸಾಲಿನ ಕೆಳಗೆ ಬೆರಳಿಟ್ಟು ಆಡಿನ ಪುಟ ಓದಿದೆ. ಕೊಡೆಯನ್ನು ತಿಂದದ್ದು ಆಡೇ. ಅಜ್ಜಿ ಅದನ್ನು ಹೊಡೆಯಲಿಲ್ಲ, ಮಳೆಯಲ್ಲಿ ಜೊತೆಗೆ ನಡೆಸಿಕೊಂಡು ಬಂದಳು. ನಾಲ್ಕೇ ಸಾಲು. ಮೂರನೆಯ ಸಾಲಿನಲ್ಲಿ ಅಕ್ಷರ ಮಂಜಾಯಿತು.

"ಅಮ್ಮಾ, ಯಾಕ್ ಅಳ್ತೀಯ?" ಎಂದಳು ಮಗಳು, ಕನ್ನಡದಲ್ಲೇ. "ಇನ್ನೊಂದ್ ಲೈನ್ ಇದೆ, ಓದು."